ಹಣ ವಾಪಸ್ ತೆಗೆಯೋಕೆ ಮೊದಲು ಟ್ಯಾಕ್ಸ್ ಕಟ್ಟಬೇಕಂತೆ, ನಿಜಾನಾ?

ಪ್ರಶ್ನೆ: ಟೆಲಿಗ್ರಾಮ್‌ನಲ್ಲಿ ಪರಿಚಯವಾದವರೊಬ್ಬರು ನಮ್ಮಣ್ಣನಿಗೆ ಒಂದು ಕ್ರಿಪ್ಟೋ ಆ್ಯಪ್ ಹಾಕಿಸಿದ್ದಾರೆ. ಮೊದಲು ಸ್ವಲ್ಪ ಹಾಕಿದಾಗ ಲಾಭದ ಸಮೇತ ವಾಪಸ್ ಬಂತು, ಅದನ್ನು ನಂಬಿ ಜಾಸ್ತಿ ಹಾಕಿದ. ಈಗ ಸ್ಕ್ರೀನ್ ಮೇಲೆ ಮೂರು ಪಟ್ಟು ಕಾಣಿಸುತ್ತಿದೆ, ತೆಗೆಯಲು ಹೋದರೆ ಮೊದಲು ಟ್ಯಾಕ್ಸ್ ಕಟ್ಟಿ ಅಂತಾರೆ. ಕಟ್ಟಬಹುದಾ?

ಉತ್ತರ: ದಯವಿಟ್ಟು ಕಟ್ಟಬೇಡಿ. ಆ ಆ್ಯಪ್‌ನಲ್ಲಿ ಕಾಣುವ ಅಂಕಿ ಅವರೇ ಟೈಪ್ ಮಾಡಿದ್ದು, ಅದರ ಹಿಂದೆ ನಿಜವಾದ ಕಾಯಿನ್ ಇರುವುದಿಲ್ಲ. ಮೊದಲು ವಾಪಸ್ ಕೊಟ್ಟಿದ್ದು ಗಾಳಕ್ಕೆ ಹಾಕಿದ ಎರೆಹುಳು ಅಷ್ಟೇ. ಟ್ಯಾಕ್ಸ್ ಕಟ್ಟಿದರೆ ವೆರಿಫಿಕೇಶನ್ ಫೀ, ಆಮೇಲೆ ಇನ್ನೊಂದು ಡೆಪಾಸಿಟ್, ಹೀಗೆ ಕೇಳುತ್ತಲೇ ಇರುತ್ತಾರೆ. ಚಾಟ್, ವಾಲೆಟ್ (ಕ್ರಿಪ್ಟೋ ಇಡುವ ಡಿಜಿಟಲ್ ಪರ್ಸ್) ವಿಳಾಸ, ಟ್ರಾನ್ಸಾಕ್ಷನ್ ಐಡಿ ಎಲ್ಲಾ ಸ್ಕ್ರೀನ್‌ಶಾಟ್ ತೆಗೆದಿಟ್ಟು ಇವತ್ತೇ ಸೈಬರ್ ಪೊಲೀಸರಿಗೆ ದೂರು ಕೊಡಿ, ಹಣ ಕಳಿಸಿದ ಬ್ಯಾಂಕಿಗೂ ತಿಳಿಸಿ.

ಇನ್ನೊಬ್ಬರು: ನನ್ನ ಸ್ನೇಹಿತೆಗೂ ಇದೇ ಆಯ್ತು. ಅದಕ್ಕಿಂತ ಹೊಟ್ಟೆ ಉರಿದಿದ್ದು ಆಮೇಲೆ, "ಕಳೆದ ಹಣ ವಾಪಸ್ ಕೊಡಿಸ್ತೀವಿ" ಅಂತ ಬಂದವರು ಅವಳ ಸೀಡ್ ಫ್ರೇಸ್, ಅಂದರೆ ವಾಲೆಟ್ ತೆರೆಯುವ ಗುಪ್ತ ಪದಗಳ ಸಾಲು ಕೇಳಿದರು! ಆ 12 ಅಥವಾ 24 ಪದ ಕೊಟ್ಟರೆ ವಾಲೆಟ್ ಪೂರ್ತಿ ಅವರದ್ದೇ. ಬ್ಲಾಕ್‌ಚೈನ್‌ನಲ್ಲಿ (ಕ್ರಿಪ್ಟೋ ವಹಿವಾಟುಗಳು ದಾಖಲಾಗುವ ಡಿಜಿಟಲ್ ಲೆಕ್ಕದ ಪುಸ್ತಕ) ಒಮ್ಮೆ ಹೋದದ್ದನ್ನು ಯಾರೂ ಬಟನ್ ಒತ್ತಿ ತಿರುಗಿಸಲಾರರು. ಸದ್ಯ, ಅವಳು ಕೊಡಲಿಲ್ಲ.

ಮತ್ತೊಬ್ಬರು: ದೊಡ್ಡ ಹೆಸರು ನೋಡಿಯೂ ನಂಬಬೇಡಿ. ದಿನಾ ಲಾಭ ಅಂತಿದ್ದ ಬಿಟ್‌ಕನೆಕ್ಟ್ ಎಂಬ ಕ್ರಿಪ್ಟೋ ಯೋಜನೆ 2018ರ ಜನವರಿಯಲ್ಲಿ ಕುಸಿಯಿತು. ಒನ್‌ಕಾಯಿನ್ ಎಂಬ ಇನ್ನೊಂದು ಕ್ರಿಪ್ಟೋ ವಂಚನೆಗಂತೂ ನಿಜವಾದ ಬ್ಲಾಕ್‌ಚೈನೇ ಇರಲಿಲ್ಲ.

ಪ್ರಶ್ನೆ ಕೇಳಿದವರು: ತುಂಬಾ ಥ್ಯಾಂಕ್ಸ್. ಅಣ್ಣನಿಗೆ ಇದನ್ನೆಲ್ಲಾ ತೋರಿಸಿದೆ, ಈಗಲೇ ದೂರು ಕೊಡಲು ಹೊರಟಿದ್ದೇವೆ.