ಸಹಾಯ ಬೇಕು: ಸಾಮಾನು ಹೊರುವ ಸೈಕಲ್ಲಿನ ಕ್ಯಾರಿಯರ್ ಮತ್ತು ಬ್ರೇಕ್

ಎಲ್ಲರಿಗೂ ನಮಸ್ಕಾರ. ಧಾರವಾಡದ ಸಪ್ತಾಪುರದಲ್ಲಿರುವ ನಾನು ಕಾಯಿಪಲ್ಯೆ, ಕಿರಾಣಿ ತರಲು ಮತ್ತು ಜೋಳ ಬೀಸಿಸಲು ಗಿರಣಿಗೆ ಹೋಗಲು 28 ಇಂಚಿನ ಗಾಲಿಯ ಹಳೆಯ ಸೈಕಲ್ಲನ್ನೇ ಬಳಸುತ್ತೇನೆ. ಕ್ಯಾರಿಯರಿನ ಮೇಲೆ 20 ಕಿಲೋ ಚೀಲ ಕಟ್ಟಿದರೆ ಭಾರವೆಲ್ಲ ಹಿಂದಕ್ಕೆ ಬಿದ್ದು, ಏರಿನಲ್ಲಿ ಮುಂದಿನ ಗಾಲಿ ಹಗುರಾಗುವುದರಿಂದ, ಹಾಲಿನವರು ಕ್ಯಾನುಗಳನ್ನು ತೂಗುಹಾಕುವಂತೆ ಎರಡೂ ಬದಿಗೆ ಕೊಂಡಿಗಳನ್ನು ಬೆಸೆಸಬೇಕೆಂದಿದ್ದೇನೆ. ಈ ಕೆಲಸ ಬಲ್ಲ ವೆಲ್ಡಿಂಗ್‌ನವರು ಧಾರವಾಡದಲ್ಲಾಗಲಿ ಹುಬ್ಬಳ್ಳಿಯ ದುರ್ಗದಬೈಲ್ ಸುತ್ತಮುತ್ತಲಾಗಲಿ ಇದ್ದರೆ ದಯವಿಟ್ಟು ತಿಳಿಸಿ.

ಅದಕ್ಕಿಂತ ತುರ್ತಿನದು ಬ್ರೇಕ್. ಉಕ್ಕಿನ ರಿಮ್ ಒದ್ದೆಯಾದಾಗ ರಾಡ್ ಬ್ರೇಕಿನ (ಕಬ್ಬಿಣದ ಸರಳುಗಳಿಂದ ಎಳೆದು ರಿಮ್ಮಿಗೆ ಒತ್ತುವ ಬ್ರೇಕ್) ಹಿಡಿತ ಬಹಳ ಕಡಿಮೆಯಾಗುತ್ತದೆ. ನಮ್ಮೂರಿನ ಇಳಿಜಾರು, ಜಿಟಿಜಿಟಿ ಮಳೆ ತಮಗೆ ತಿಳಿದದ್ದೇ. ಇಂಥ ಸೈಕಲ್ಲಿನ ಹಿಂದಿನ ಗಾಲಿಗೆ ಡ್ರಮ್ ಬ್ರೇಕ್ (ರಿಮ್ಮಿನ ಬದಲು ಗಾಲಿಯ ನಡುವಿನ ಡಬ್ಬಿಯೊಳಗೆ ಹಿಡಿಯುವ ಬ್ರೇಕ್) ಕೂಡಿಸಿಕೊಂಡವರು ಯಾರಾದರೂ ಇದ್ದೀರಾ? ಗೇರ್ ಸೈಕಲ್ ಕೊಳ್ಳುವ ಸಲಹೆ ಮಾತ್ರ ಬೇಡ, ಅವುಗಳಲ್ಲಿ ಬಹುತೇಕಕ್ಕೆ ಕ್ಯಾರಿಯರೇ ಇರುವುದಿಲ್ಲ.