ಹೊಡೀದೆ ಇರೋ ಸ್ಟಾರ್‌ನ ಟ್ರೇಡ್‌ನಲ್ಲಿ ತಗೊಳ್ಲಾ?

ಪ್ರಶ್ನೆ: ಫ್ಯಾಂಟಸಿ ಬೇಸ್‌ಬಾಲ್ (ನಿಜವಾದ ಆಟಗಾರರನ್ನ ಆರಿಸ್ಕೊಂಡು ಅವರ ಆಟದ ಮೇಲೆ ಪಾಯಿಂಟ್ ತಗೊಳೋ ಆಟ) ನಂಗೆ ಹೊಸದು, ಆಫೀಸ್ ಲೀಗಲ್ಲಿ ಒಬ್ರು ತಮ್ಮ ಸ್ಟಾರ್ ಬ್ಯಾಟರ್ ಒಂದೂವರೆ ತಿಂಗಳಿಂದ ಹೊಡೀತಿಲ್ಲ ಅಂತ ಬೇಜಾರಾಗಿ ಟ್ರೇಡ್‌ಗೆ ರೆಡಿ ಇದಾರೆ, ನನ್ನ ಕ್ಲೋಸರ್‌ನ (ಪಂದ್ಯದ ಕೊನೇಲಿ ಬಂದು ಗೆಲುವು ಉಳಿಸೋ ಪಿಚರ್) ಕೊಟ್ಟು ತಗೊಳ್ಲಾ?

ಉತ್ತರ: ತಗೊಳಿ ಗುರೂ. 2024ರಲ್ಲಿ ನ್ಯೂಯಾರ್ಕ್ ಮೆಟ್ಸ್ ತಂಡದ ಲಿಂಡೋರ್ ಮೇ ಮಧ್ಯದವರೆಗೂ .200 ಬ್ಯಾಟಿಂಗ್ ಸರಾಸರಿ ಆಸುಪಾಸಲ್ಲೇ ಒದ್ದಾಡ್ತಿದ್ದ, ಮೆಟ್ಸ್ ಅವನನ್ನ ಮೊದಲ್ನೇ ಬ್ಯಾಟರ್ ಮಾಡಿದ್ಮೇಲೆ ತಿರುಗಿಬಿದ್ದ, ಕೊನೆಗೆ 33 ಹೋಮ್ ರನ್, 29 ಸ್ಟೀಲ್ (ಕದ್ದ ಬೇಸ್), ನ್ಯಾಷನಲ್ ಲೀಗ್ ಎಂವಿಪಿ (ಅತ್ಯುತ್ತಮ ಆಟಗಾರ) ಮತದಾನದಲ್ಲಿ ಎರಡನೇವ್ನು.

ಉತ್ತರ: ಬರೀ ಹೆಸರು ನೋಡಿ ತಗೋಬೇಡಿ. ಬಿಎಬಿಐಪಿ (ಹೋಮ್ ರನ್ ಬಿಟ್ಟು, ಮೈದಾನದೊಳಗೆ ಹೊಡೆದ ಬಾಲ್‌ಗಳಲ್ಲಿ ಎಷ್ಟು ಪಾಲು ಹಿಟ್ ಆದ್ವು ಅನ್ನೋ ಲೆಕ್ಕ) ನೋಡಿ, ಸಾಮಾನ್ಯವಾಗಿ .300 ಹತ್ರ ಇರತ್ತೆ, ಇವ್ನದ್ದು ತೀರಾ ಕಮ್ಮಿ ಇದ್ದು ಬಾಲ್ ಮಾತ್ರ ಜೋರಾಗೇ ಹೊಡೀತಿದ್ರೆ ಅದೃಷ್ಟ ಕೈಕೊಟ್ಟಿದೆ ಅಷ್ಟೇ. ಸ್ಟ್ರೈಕೌಟ್ (ಮೂರು ಸ್ಟ್ರೈಕ್‌ಗೆ ಔಟ್ ಆಗೋದು) ಜಾಸ್ತಿ ಆಗಿದ್ರೆ ಬೇಡವೇ ಬೇಡ.

ಪ್ರಶ್ನೆ ಕೇಳಿದವರು: ಈಗ ನೋಡ್ದೆ, ಬಿಎಬಿಐಪಿ .215 ಇದೆ, ಸ್ಟ್ರೈಕೌಟ್ ಹೋದ್ವರ್ಷದಷ್ಟೇ. ಮೊದ್ಲು ಬೆಂಚಲ್ಲಿರೋ ಔಟ್‌ಫೀಲ್ಡರ್‌ನ ಕೊಡ್ತೀನಿ ಅಂತ ಕೇಳಿ ನೋಡ್ತೀನಿ, ಥ್ಯಾಂಕ್ಸ್.