ಬೋರ್ಜಿಯಾ ಹಸ್ತಪ್ರತಿ, 17ನೇ ಪುಟ: ಇದು ಅಜ್ಟೆಕ್ ದೇವರೇ?

ಮಸಿಕುಡಿಕೆ: ವ್ಯಾಟಿಕನ್ ಗ್ರಂಥಾಲಯದಲ್ಲಿರೋ ಬೋರ್ಜಿಯಾ ಅನ್ನೋ ಹಳೇ ಮೆಕ್ಸಿಕೋದ ಚಿತ್ರಪುಸ್ತಕದ 17ನೇ ಪುಟದಲ್ಲಿ ನಿಂತಿರೋದು ತೆಸ್ಕತ್ಲಿಪೋಕ ದೇವರು. ಒಂದು ಪಾದದ ಜಾಗದಲ್ಲಿ ಹೊಗೆಯಾಡೋ ಕನ್ನಡಿ, ಮುಖದಲ್ಲಿ ಹಳದಿ-ಕಪ್ಪು ಅಡ್ಡಪಟ್ಟೆ, ಮೈತುಂಬ 20 ದಿನಚಿಹ್ನೆ. ನಮ್ಮ ಕಡತದ ಹಾಗೆ ಮಡಿಸಿಟ್ಟ ಈ ಪುಸ್ತಕ ಅಪ್ಪಟ ಅಜ್ಟೆಕ್.

ಗೆರೆಗಾರ: 'ಅಪ್ಪಟ' ಅನ್ನೋದನ್ನ ವಾಪಸ್ ತಗೊಳ್ಳಿ. ಬೋರ್ಜಿಯಾ ಶೈಲಿ ಮೆಕ್ಸಿಕೋದ ಪ್ವೆಬ್ಲಾ-ತ್ಲಾಷ್ಕಾಲ ಕಡೆಯದು, ಅಜ್ಟೆಕ್ ರಾಜಧಾನಿ ತೆನೊಚ್ತಿತ್ಲಾನ್‌ದಲ್ಲ. ತ್ಲಾಷ್ಕಾಲದವರು ಅಜ್ಟೆಕರ ಹಗೆಗಳು, 1519ರಲ್ಲಿ ದಂಡೆತ್ತಿ ಬಂದ ಸ್ಪೇನಿನ ಕೊರ್ತೆಸ್ ಜೊತೆ ಸೇರಿದವರು. ಅಜ್ಟೆಕರದ್ದೇ ಬೇಕಂದ್ರೆ ಪ್ಯಾರಿಸ್‌ನಲ್ಲಿರೋ ಬೋರ್ಬೋನಿಕಸ್ ಹಸ್ತಪ್ರತಿ ನೋಡಿ.

ಹಳೇಬರಹ: ಕಡತವಂತೆ! ಕಡತ ಅಂದ್ರೆ ಬಟ್ಟೆ ಸ್ವಾಮಿ. ಹುಣಸೆಬೀಜದ ಸರಿಗೆ ಇದ್ದಿಲಪುಡಿ ಕಲಸಿ ಬಳಿದು, ಒಣಗಿಸಿ, ಬಳಪದಲ್ಲಿ ಬರೆಯೋದು. ಬೇಡವಾದ್ರೆ ಅಳಿಸೋದು. ಬೋರ್ಜಿಯಾ ಚರ್ಮದ್ದು, ಮೇಲೆ ಬಿಳಿ ಲೇಪ. ಅಳಿಸಿ ನೋಡಿ, ದೇವರೇ ಉದುರ್ತಾನೆ.

ಮಸಿಕುಡಿಕೆ: ಮಡಿಕೆ 'ಹಾಗೆ' ಅಂದೆ. ಬಟ್ಟೆ ಅಂದೆನಾ?

ಹಳೇಬರಹ: ಮಡಿಕೆಯೇ ತಾನೇ ಮುಖ್ಯ? ಬಟ್ಟೆ ಎಷ್ಟು ಸಲ ಮಡಿಸಿದ್ರೂ ಬಾಗುತ್ತೆ. ಇಲ್ಲಿ ಚರ್ಮ ಬಾಗುತ್ತೆ, ಲೇಪ ಬಾಗಲ್ಲ. ಅದಕ್ಕೇ ಮಡಿಕೆಗೆರೆಯಲ್ಲಿ ಬಿರುಕು ಬಿಟ್ಟು ಬಣ್ಣ ಹಾರಿಹೋಗೋದು.

ಅತ್ತಿತೊಗಟೆ: ಬೋರ್ಬೋನಿಕಸ್ ಅಂದಿರಲ್ಲ ಗೆರೆಗಾರರೇ, ಅದಂತೂ 1521ರಲ್ಲಿ ಅಜ್ಟೆಕ್ ರಾಜಧಾನಿ ಸ್ಪೇನಿನವರ ವಶವಾದ ಮೇಲೆ ಬರೆದದ್ದು ಅನ್ನೋ ವಾದ ಇದೆ. ಸ್ಪ್ಯಾನಿಷ್ ಟಿಪ್ಪಣಿಗೆ ಮೊದಲೇ ಜಾಗ ಬಿಟ್ಟ ಹಾಗಿದೆ.

ಗೆರೆಗಾರ: ಖಾಲಿ ಜಾಗ ಸಾಕ್ಷಿ ಆಗೋದಾದ್ರೆ ಗೋಡೆಯೆಲ್ಲ ಸಾಕ್ಷಿ. ಬೋರ್ಬೋನಿಕಸ್ ಅತ್ತಿಜಾತಿ ಮರದ ತೊಗಟೆಯ ಕಾಗದ, ಉಳಿದಿರೋದು 36 ಪುಟ. 13ನೇ ಪುಟದಲ್ಲಿ ಹೆರುತ್ತಿರೋ ದೇವಿ ತ್ಲಾಸೊಲ್ತೆಯೊತ್ಲ್. ಸುಲಿದ ಚರ್ಮ ಹೊದ್ದಿದ್ದಾಳೆ ಅಂತ, ಹಾಗೇ ಚರ್ಮ ಹೊದೆಯೋ ದೇವರು ಶೀಪೆ ತೊತೆಕ್ ಅಂದುಬಿಡಬೇಡಿ. ತಲೆಪಟ್ಟಿ ನೂಲದ ಹತ್ತಿಯದು, ಅದರಲ್ಲಿ ಕದಿರು, ಬಾಯಿಸುತ್ತ ಕಪ್ಪು. ಗುರುತು ಹಿಡಿಯೋದು ಇವುಗಳಿಂದ.

ಹಳೇಬರಹ: ಕಾಗದ ಅಂತ ನೀವೇ ಒಪ್ಪಿದಿರಿ! ಕಡತ ಕಾಗದದ್ದಲ್ಲ.

ಮಸಿಕುಡಿಕೆ: ರೀ, ಅವರು ಹೇಳ್ತಿರೋದು ಬೇರೆ ಪುಸ್ತಕ. ಕಡತ ಬಿಟ್ಟು ಬೇರೆ ಏನಾದ್ರೂ ಓದಿದ್ದೀರಾ?

ಹಳೇಬರಹ: ಹೋಲಿಕೆ ಎತ್ತಿದ್ದು ನೀವು. ಈಗ ಓದಿನ ಲೆಕ್ಕ ನನ್ನನ್ನ ಕೇಳ್ತೀರಿ. ಬೋರ್ಜಿಯಾದಲ್ಲಿ ಎರಡೂ ಮುಖದಲ್ಲಿ ಚಿತ್ರ ಇದೆ ಅನ್ನೋದನ್ನಾದ್ರೂ ನೋಡಿದ್ದೀರಾ?

ಮಸಿಕುಡಿಕೆ: ಕಡತದಲ್ಲೂ ಎರಡೂ ಮಗ್ಗುಲು ಬರೀತಾರೆ. ನನ್ನ ಹೋಲಿಕೆಗೆ ನೀವೇ ಬಲ ಕೊಟ್ರಿ.

ಅತ್ತಿತೊಗಟೆ: ಗೆರೆಗಾರರೇ, 'ಹಗೆಗಳು' ಅಂದ್ರಿ. ಹಗೆ ಆದ್ರೇನು, ಇಬ್ಬರ ಮಾತೂ ನಾವಾತ್ಲ್, ಪಂಚಾಂಗವೂ ಒಂದೇ: 13 ದಿನದ 20 ಕಂತು, 260. ಬೋರ್ಜಿಯಾದ ಮೊದಲ 8 ಪುಟದಲ್ಲಿ ಅದೇ 260 ದಿನ, 52ರಂತೆ 5 ಸಾಲು, ಬಲದಿಂದ ಎಡಕ್ಕೆ.

ಗೆರೆಗಾರ: ಪಂಚಾಂಗ ಒಂದಾದ್ರೆ ಕುಲ ಒಂದಾಗಲ್ಲ.

ಹಳೇಬರಹ: ಬಲದಿಂದ ಎಡಕ್ಕೆ. ಕಡತ ಹಾಗೆ ಓದ್ತಾರಾ?

ಮಸಿಕುಡಿಕೆ: ಆಯ್ತು ಮಾರಾಯ್ರೆ, 'ಅಕಾರ್ಡಿಯನ್ ಹಾಗೆ' ಅಂತ ತಿದ್ಕೊಳ್ಳಿ. 17ನೇ ಪುಟದಲ್ಲಿರೋದು ತೆಸ್ಕತ್ಲಿಪೋಕನೇ.

ಗೆರೆಗಾರ: ಅಲ್ಲ ಅಂತ ಯಾರಂದ್ರು? 'ಅಪ್ಪಟ' ಇನ್ನೂ ವಾಪಸ್ ಬಂದಿಲ್ಲ.